ಲಾಭವಿದೆ, ಆದರೆ ಗಲ್ಲೆ ಖಾಲಿ: ಉದ್ರಿಯಲ್ಲಿ ನಿಂತ ಹಣದ ಲೆಕ್ಕ

ಪ್ರಶ್ನೆ: ನಾನು ಹಳೇ ಹುಬ್ಬಳ್ಳಿಯಲ್ಲಿ ಕೆಲವು ವರ್ಷಗಳಿಂದ ಜೋಳದ ರೊಟ್ಟಿ ಮಾಡಿ ಮಾರುವ ಕೆಲಸ ನಡೆಸುತ್ತಿದ್ದೇನೆ. ಆರು ಜನ ಹೆಣ್ಣುಮಕ್ಕಳು ಬಂದು ರೊಟ್ಟಿ ಬಡಿಯುತ್ತಾರೆ. ತಿಂಗಳಿಗೆ ಸುಮಾರು 30,000 ರೊಟ್ಟಿ, ಒಂದಕ್ಕೆ 7 ರೂಪಾಯಿಯಂತೆ, ಖಾನಾವಳಿ, ಅಂಗಡಿ, ಹಾಸ್ಟೆಲ್‌ಗಳಿಗೆ ಹೋಗುತ್ತವೆ. ಅಂದರೆ 2,10,000 ರೂಪಾಯಿ ವ್ಯಾಪಾರ. ಜೋಳಕ್ಕೆ 80,000, ಗಿರಣಿಗೆ 10,000, ಕೂಲಿಗೆ 45,000, ಗ್ಯಾಸಿಗೆ 15,000, ಪ್ಯಾಕಿಂಗಿಗೆ 8,000, ಸಾಗಾಟಕ್ಕೆ 6,000, ಬಾಡಿಗೆಗೆ 8,000, ಒಟ್ಟು ಖರ್ಚು 1,72,000. ಲೆಕ್ಕ ಬರೆಯುವವರು ವರ್ಷಕ್ಕೆ ನಾಲ್ಕೂವರೆ ಲಕ್ಷ ಲಾಭವಿದೆ ಎನ್ನುತ್ತಾರೆ. ಆದರೆ ಶನಿವಾರ ಕೂಲಿ ಕೊಡುವ ಹೊತ್ತಿಗೆ ನನ್ನ ಕೈಯಲ್ಲಿ ರೊಕ್ಕ ಇರುವುದಿಲ್ಲ. ಮಾರ್ಚ್ ಕೊನೆಗೆ ಒಡವೆ ಇಟ್ಟು 3,00,000 ರೂಪಾಯಿ ಸಾಲ ತೆಗೆದು, ಅದಕ್ಕೆ ಕೈಯಲ್ಲಿದ್ದುದನ್ನು ಸೇರಿಸಿ, ಆರು ತಿಂಗಳಿಗಾಗುವ 120 ಕ್ವಿಂಟಲ್ ಜೋಳ ಕೊಂಡೆ. ಈಗ ಜೂನ್ ಕೊನೆ; 60 ಕ್ವಿಂಟಲ್ ಉಳಿದಿದೆ. ಹೊರಗೆ ಬರಬೇಕಾದ ಉದ್ರಿ 3,15,000 ರೂಪಾಯಿ. ಹೋದ ವರ್ಷ ಇದೇ ಹೊತ್ತಿಗೆ 1,10,000 ಇತ್ತು. ಮನೆ ಖರ್ಚಿಗೆ ತಿಂಗಳಿಗೆ 25,000 ತೆಗೆಯುತ್ತೇನೆ. ಈಗ ಒಬ್ಬ ವಿತರಕರು ಬೆಂಗಳೂರಿನ ಸೂಪರ್ ಮಾರ್ಕೆಟ್‌ಗಳಿಗೆ ತಿಂಗಳಿಗೆ 15,000 ರೊಟ್ಟಿ ಕೇಳುತ್ತಿದ್ದಾರೆ. ದರ ಆರೂವರೆ ರೂಪಾಯಿ, ತಿಂಗಳ ಕೊನೆಗೆ ಬಿಲ್ಲು, ಬಿಲ್ಲಾದ 60 ದಿನಕ್ಕೆ ಹಣ, ಮುರಿದದ್ದು ಮತ್ತು ಮಾರಾಟವಾಗದ್ದು ವಾಪಸು. ಪ್ಯಾಕಿಂಗ್ ಅವರು ಹೇಳಿದಂತೆ ಮಾಡಿದರೆ ರೊಟ್ಟಿಗೆ ಇನ್ನೂ 35 ಪೈಸೆ ಹೆಚ್ಚು ಬೀಳುತ್ತದೆ. ಇದಕ್ಕೆ ಬೇಕಾದ ಬಂಡವಾಳಕ್ಕೆ ಸಂಬಂಧಿಕರೊಬ್ಬರು 2,00,000 ರೂಪಾಯಿ ಕೈಗಡ ಕೊಡಲು ಸಿದ್ಧರಿದ್ದಾರೆ, ಬಡ್ಡಿ ಮೂರು ರೂಪಾಯಿ. ‘ವ್ಯಾಪಾರ ದೊಡ್ಡದಾದರೆ ಹಣದ ಅಡಚಣೆ ತಾನಾಗಿ ಹೋಗುತ್ತದೆ’ ಎಂದು ಅವರು ಹೇಳುತ್ತಾರೆ. ನನ್ನ ಯಜಮಾನರು ‘ಲಾಭವೇ ಇಲ್ಲ, ಲೆಕ್ಕ ತಪ್ಪಿದೆ, ನಿಲ್ಲಿಸಿಬಿಡು’ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿಯಲ್ಲ. ನಿಮ್ಮ ವ್ಯಾಪಾರದಲ್ಲಿ ಲಾಭ ಇರುವುದು ನಿಜ, ಕೈಯಲ್ಲಿ ಹಣ ಇಲ್ಲದಿರುವುದೂ ನಿಜ. ಈ ಎರಡೂ ಒಂದೇ ಕಾಲಕ್ಕೆ ನಿಜವಾಗಿರಲು ಸಾಧ್ಯವೆಂಬುದನ್ನು ಒಪ್ಪಿಕೊಂಡರೆ ಅರ್ಧ ಗೊಂದಲ ತಿಳಿಯಾಗುತ್ತದೆ. ಹುಬ್ಬಳ್ಳಿಯಲ್ಲಿ ಸಣ್ಣ ಉದ್ದಿಮೆಗಳ ಲೆಕ್ಕಪತ್ರ ಮತ್ತು ಬ್ಯಾಂಕ್ ಕಡತಗಳನ್ನು ನೋಡುವ ನನ್ನ ಕೆಲಸದಲ್ಲಿ, ಗೋಕುಲ ರಸ್ತೆಯ ವೆಲ್ಡಿಂಗ್ ಶೆಡ್ಡುಗಳಿಂದ ಹಿಡಿದು ದಾಜಿಬಾನ ಪೇಟೆಯ ಬಟ್ಟೆ ಅಂಗಡಿಗಳವರೆಗೆ, ನಷ್ಟದಿಂದ ಮುಚ್ಚಿದವರಿಗಿಂತ ಲಾಭದಲ್ಲಿದ್ದೂ ಹಣದ ಹರಿವು ನಿಂತು ಮುಚ್ಚಿದವರನ್ನು ಹೆಚ್ಚು ಕಂಡಿದ್ದೇನೆ. ನೀವು ಅಂಕಿಗಳನ್ನು ಒಂದೂ ಮುಚ್ಚಿಡದೆ ಬರೆದಿರುವುದರಿಂದ ನಿಮ್ಮ ಹಣ ಎಲ್ಲಿದೆ ಎಂಬುದನ್ನು ಹೆಚ್ಚುಕಡಿಮೆ ರೂಪಾಯಿ ಲೆಕ್ಕದಲ್ಲಿ ಹೇಳಬಹುದು.

ಮೊದಲು ನಿಮ್ಮ ಯಜಮಾನರ ಅನುಮಾನವನ್ನು ನೋಡೋಣ. ತಿಂಗಳಿಗೆ 38,000 ರೂಪಾಯಿಯಂತೆ ವರ್ಷಕ್ಕೆ 4,56,000 ರೂಪಾಯಿ ಉಳಿಯಬೇಕು. ಅದರಲ್ಲಿ ಮನೆ ಖರ್ಚಿಗೆ 3,00,000 ಹೋಗಿದೆ. ಒಡವೆ ಸಾಲಕ್ಕೆ ಎಷ್ಟು ಬಡ್ಡಿಯೆಂದು ನೀವು ಬರೆದಿಲ್ಲ. ವರ್ಷಕ್ಕೆ 12 ಪ್ರತಿಶತ ಎಂದು ಹಿಡಿದರೆ ಮೂರು ತಿಂಗಳಿಗೆ 9,000 ರೂಪಾಯಿ. ಉಳಿದದ್ದು 1,47,000. ಇದಕ್ಕೆ ಸಾಲವಾಗಿ ಬಂದ 3,00,000 ಸೇರಿಸಿದರೆ ವರ್ಷದಲ್ಲಿ ನಿಮ್ಮ ಕೈಗೆ ಬಂದು ನಿಲ್ಲಬೇಕಿದ್ದ ಹಣ 4,47,000. ಈಗ ಇನ್ನೊಂದು ಬದಿಯನ್ನು ನೋಡಿ. ಕೋಣೆಯಲ್ಲಿರುವ 60 ಕ್ವಿಂಟಲ್ ಜೋಳದ ಬೆಲೆ, ಕ್ವಿಂಟಲಿಗೆ 4,000ದಂತೆ, 2,40,000. ಉದ್ರಿ ಹೋದ ವರ್ಷಕ್ಕಿಂತ ಹೆಚ್ಚಾದದ್ದು 2,05,000. ಎರಡೂ ಸೇರಿ 4,45,000. ಹೋದ ವರ್ಷ ನಿಮ್ಮಲ್ಲಿ ಜೋಳದ ದೊಡ್ಡ ದಾಸ್ತಾನು ಇರಲಿಲ್ಲವೆಂದು ಭಾವಿಸಿದರೆ, ಲೆಕ್ಕ 2,000 ರೂಪಾಯಿಯ ಅಂತರದಲ್ಲಿ ಸರಿಹೊಂದುತ್ತದೆ. ಹಣವನ್ನು ಯಾರೂ ಕದ್ದಿಲ್ಲ, ಲೆಕ್ಕವೂ ತಪ್ಪಿಲ್ಲ. ನಿಮ್ಮ ಒಂದು ವರ್ಷದ ಉಳಿತಾಯ ಮತ್ತು ಒಡವೆಯ ಸಾಲ ಎರಡೂ ಜೋಳದ ಚೀಲಗಳಲ್ಲಿ ಮತ್ತು ಖಾನಾವಳಿಗಳ ಉದ್ರಿ ಪುಸ್ತಕದಲ್ಲಿ ಇವೆ. ಬಿತ್ತಿದ ಕಾಳು ಮನೆಯ ಕಾಳೇ ಆದರೂ ಸುಗ್ಗಿಯವರೆಗೆ ಅದನ್ನು ಬೀಸಿ ತಿನ್ನಲು ಬರುವುದಿಲ್ಲವಲ್ಲ, ಹಾಗೆಯೇ ಇದು.

ಲಾಭ ಮತ್ತು ನಗದು ಹೀಗೆ ಬೇರೆಬೇರೆ ದಾರಿ ಹಿಡಿಯಲು ಕಾರಣ ಲೆಕ್ಕ ಬರೆಯುವ ಕ್ರಮದಲ್ಲಿಯೇ ಇದೆ. ರೊಟ್ಟಿ ಕೊಟ್ಟು ಬಿಲ್ಲು ಮಾಡಿದ ದಿನವೇ ಅದು ಮಾರಾಟವೆಂದು ದಾಖಲಾಗುತ್ತದೆ, ಹಣ ನಲವತ್ತೈದು ದಿನ ಬಿಟ್ಟು ಬಂದರೂ ಸರಿ. ಜೋಳದ ಹಣ ಮಾರ್ಚ್‌ನಲ್ಲಿಯೇ ಕೈಬಿಟ್ಟು ಹೋಗಿದ್ದರೂ ಲೆಕ್ಕದಲ್ಲಿ ಅದು ಖರ್ಚಾಗುವುದು ಬೀಸಿ ರೊಟ್ಟಿ ಮಾಡಿದ ತಿಂಗಳಲ್ಲಿ ಮಾತ್ರ. ಸಾಲದ ಅಸಲನ್ನು ತೀರಿಸಿದರೆ ಅದು ಖರ್ಚಿನ ಸಾಲಿನಲ್ಲಿ ಬರುವುದೇ ಇಲ್ಲ, ಆದರೆ ಗಲ್ಲೆಯಿಂದ ಹೋಗುತ್ತದೆ. ಮನೆ ಖರ್ಚಿಗೆ ತೆಗೆದದ್ದೂ ಅಷ್ಟೆ. ಹೀಗಾಗಿ ಲಾಭ ನಷ್ಟದ ಪಟ್ಟಿಯೊಂದನ್ನೇ ನೋಡುವವರಿಗೆ ಗಲ್ಲೆಯ ಸ್ಥಿತಿ ಎಂದೂ ಕಾಣುವುದಿಲ್ಲ. ನಿಮ್ಮ ಲೆಕ್ಕ ಬರೆಯುವವರು ವರ್ಷಕ್ಕೊಮ್ಮೆ ಲಾಭ ಹೇಳುವುದು ತೆರಿಗೆಗೆ ಸಾಕು. ಶನಿವಾರದ ಕೂಲಿಗೆ ಬೇಕಾದದ್ದು ವಾರವಾರದ ನಗದು ಪಟ್ಟಿ. ಎಡಕ್ಕೆ ಈ ವಾರ ಯಾರಿಂದ ಎಷ್ಟು ಖಂಡಿತ ಬರುತ್ತದೆ, ಬಲಕ್ಕೆ ಯಾರಿಗೆ ಎಷ್ಟು ಕೊಡಲೇಬೇಕು ಎಂದು ಮುಂದಿನ ಎಂಟು ವಾರಗಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅಷ್ಟೇ ಸಾಕು, ಅದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ.

ಒಂದು ರೂಪಾಯಿ ನಿಮ್ಮ ಕೈಯಿಂದ ಹೊರಟು ಮತ್ತೆ ನಿಮ್ಮ ಕೈಗೆ ಬರಲು ಎಷ್ಟು ದಿನ ಬೇಕು ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಆರು ತಿಂಗಳ ಜೋಳ ಒಮ್ಮೆಲೇ ಕೊಂಡರೆ ಒಂದು ಚೀಲ ಸರಾಸರಿ 90 ದಿನ ಕೋಣೆಯಲ್ಲಿ ಕೂರುತ್ತದೆ. ರೊಟ್ಟಿಯಾಗಿ ಹೋದ ಮೇಲೆ, 2,10,000ದ ವ್ಯಾಪಾರಕ್ಕೆ 3,15,000 ಉದ್ರಿ ಎಂದರೆ, ಇನ್ನೂ 45 ದಿನ. ಒಟ್ಟು 135 ದಿನ. ಆದರೆ ಕೂಲಿಯನ್ನು ನೀವು ಏಳು ದಿನಕ್ಕೊಮ್ಮೆ ಕೊಡಬೇಕು, ಗ್ಯಾಸಿಗೆ ಕೂಡಲೇ ಕೊಡಬೇಕು. ಈ ಅಂತರವನ್ನು ತುಂಬುವ ಹಣಕ್ಕೆ ದುಡಿಯುವ ಬಂಡವಾಳ ಎನ್ನುತ್ತಾರೆ. ವ್ಯಾಪಾರ ಹೆಚ್ಚಿದಷ್ಟೂ ಅದೂ ಅದೇ ಪ್ರಮಾಣದಲ್ಲಿ ಹೆಚ್ಚು ಬೇಕಾಗುತ್ತದೆ. ‘ವ್ಯಾಪಾರ ದೊಡ್ಡದಾದರೆ ಅಡಚಣೆ ಹೋಗುತ್ತದೆ’ ಎಂಬ ನಿಮ್ಮ ಸಂಬಂಧಿಕರ ಮಾತು ನಗದಿ ವ್ಯಾಪಾರಕ್ಕೆ ಸರಿ. ಉದ್ರಿ ವ್ಯಾಪಾರದಲ್ಲಿ ನಡೆಯುವುದು ಇದರ ತದ್ವಿರುದ್ಧ, ಮತ್ತು ಈ ಒಂದು ತಪ್ಪು ತಿಳಿವಳಿಕೆ ನಮ್ಮ ಭಾಗದ ಎಷ್ಟೋ ಒಳ್ಳೆಯ ಕೆಲಸಗಾರರನ್ನು ಸಾಲಕ್ಕೆ ದೂಡಿದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹೊಸ ಆರ್ಡರನ್ನು ಇದೇ ಕಣ್ಣಿನಿಂದ ನೋಡೋಣ. ಬಾಡಿಗೆ ಬಿಟ್ಟು ಉಳಿದ 1,64,000 ರೂಪಾಯಿ ಖರ್ಚು ರೊಟ್ಟಿಯ ಸಂಖ್ಯೆಯೊಂದಿಗೆ ಏರಿಳಿಯುವಂಥದ್ದು. ಅದನ್ನು 30,000ಕ್ಕೆ ಭಾಗಿಸಿದರೆ ರೊಟ್ಟಿಯೊಂದಕ್ಕೆ ಸುಮಾರು 5 ರೂಪಾಯಿ 45 ಪೈಸೆ. ಹೊಸ ಪ್ಯಾಕಿಂಗಿನ 35 ಪೈಸೆ ಸೇರಿದರೆ 5 ರೂಪಾಯಿ 80 ಪೈಸೆ. ಬಾಡಿಗೆಯನ್ನು ಹೇಗೂ ಕೊಡುತ್ತಿದ್ದೀರಿ, ಆದ್ದರಿಂದ ಈ ಆರ್ಡರಿನ ಮೇಲೆ ಅದನ್ನು ಹೇರಬೇಕಾಗಿಲ್ಲ. ಆರೂವರೆಗೆ ಮಾರಿದರೆ ಉಳಿಯುವುದು 70 ಪೈಸೆ. 15,000 ರೊಟ್ಟಿಗೆ 10,500 ರೂಪಾಯಿ. ಇಲ್ಲಿಯವರೆಗೆ ಚೆನ್ನಾಗಿಯೇ ಇದೆ.

ಆದರೆ ಖಡಕ್ ರೊಟ್ಟಿ ಎಂಥ ಸರಕು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಪೆಟ್ಟಿಗೆಯ ಅಡಿಯ ಪೊಟ್ಟಣಗಳಲ್ಲಿ ಅಂಚು ಮುರಿಯುತ್ತದೆ, ಮಳೆಗಾಲದಲ್ಲಿ ಪೊಟ್ಟಣಕ್ಕೆ ಗಾಳಿ ಹೊಕ್ಕರೆ ರೊಟ್ಟಿ ಮೆತ್ತಗಾಗುತ್ತದೆ, ಅಂಗಡಿಯಲ್ಲಿ ಕೊಳ್ಳುವವರು ಮುರಿದ ಪೊಟ್ಟಣವನ್ನು ಹಿಂದಕ್ಕೆ ಸರಿಸಿ ಇಡಿಯದನ್ನೇ ಎತ್ತಿಕೊಳ್ಳುತ್ತಾರೆ. ನೂರಕ್ಕೆ ಐದು ವಾಪಸು ಬಂದರೂ 750 ರೊಟ್ಟಿ, 4,875 ರೂಪಾಯಿ. ಉಳಿದದ್ದು 5,625. ಇನ್ನು ಬಂಡವಾಳ. ಮೊದಲ ತಿಂಗಳ ಮಾಲಿಗೆ ಆ ತಿಂಗಳ ಕೊನೆಗೆ ಬಿಲ್ಲು, ಅಲ್ಲಿಂದ 60 ದಿನಕ್ಕೆ ಹಣ ಎಂದರೆ, ಮೊದಲ ರೂಪಾಯಿ ನಿಮ್ಮ ಕೈ ಸೇರುವ ಮುನ್ನ ಮೂರು ತಿಂಗಳ ರೊಟ್ಟಿ ಮಾಡಿ ಕಳಿಸಿರುತ್ತೀರಿ. ತಿಂಗಳಿಗೆ 87,000ದಂತೆ 2,61,000 ರೂಪಾಯಿ ಹೊರಗೆ ನಿಂತಿರುತ್ತದೆ. ಸಂಬಂಧಿಕರು ಕೊಡುವ ಎರಡು ಲಕ್ಷ ಸಾಲುವುದೇ ಇಲ್ಲ. ಆ ಎರಡು ಲಕ್ಷಕ್ಕೆ ಮೂರು ರೂಪಾಯಿಯಂತೆ ತಿಂಗಳ ಬಡ್ಡಿ 6,000. ಅಂದರೆ 15,000 ರೊಟ್ಟಿ ಹೆಚ್ಚು ಬಡಿದು, ತಿಂಗಳ ಕೊನೆಗೆ 375 ರೂಪಾಯಿ ಕೈಯಿಂದ ಹಾಕಬೇಕಾಗುತ್ತದೆ. ಲಾಭವೆಲ್ಲ ಬಡ್ಡಿಯಾಗಿ ಸಂಬಂಧಿಕರಿಗೆ, ಮುದ್ದತ್ತಿನ ಅನುಕೂಲ ವಿತರಕರಿಗೆ, ಮುರಿದ ರೊಟ್ಟಿ ಮಾತ್ರ ನಿಮಗೆ.

ಮೂರು ರೂಪಾಯಿ ಬಡ್ಡಿ ಎಂಬ ಮಾತು ಕಿವಿಗೆ ಹಗುರವಾಗಿ ಕೇಳಿಸುತ್ತದೆ. ನೂರಕ್ಕೆ ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ 36 ಪ್ರತಿಶತ. ಪ್ರತಿ ತಿಂಗಳ ಬಡ್ಡಿಯೂ ಬಾಕಿಯಾಗಿ ಅಸಲಿಗೆ ಸೇರುತ್ತ ಹೋದರೆ ವರ್ಷಕ್ಕೆ 42 ಪ್ರತಿಶತ ದಾಟುತ್ತದೆ. ನಿಮ್ಮ ಒಡವೆ ಸಾಲದ ಮೂರು ಪಟ್ಟು. ಮದುವೆ ಅಥವಾ ಆಸ್ಪತ್ರೆಯ ತುರ್ತಿಗೆ ಜನ ಕೈಗಡ ತರುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ನೂರಕ್ಕೆ ಹನ್ನೊಂದು ರೂಪಾಯಿಯಷ್ಟೂ ಉಳಿಯದ ಮಾಲನ್ನು ಮೂರು ತಿಂಗಳ ಮುದ್ದತ್ತಿಗೆ ಕೊಡಲು ಆ ದರದ ಹಣ ತರಬೇಡಿ.

ಹಾಗಾದರೆ ಹಣ ಎಲ್ಲಿಂದ? ಮೊದಲು ನಿಮ್ಮದೇ ಉದ್ರಿಯಿಂದ. ಅದಕ್ಕೆ ಬಡ್ಡಿಯಿಲ್ಲ, ಜಾಮೀನು ಬೇಡ. 3,15,000ದಲ್ಲಿ ಯಾರದು ಎಷ್ಟು, ಎಷ್ಟು ದಿನದ್ದು ಎಂದು ವಿಂಗಡಿಸಿ ಬರೆಯಿರಿ. ನಿಮ್ಮ ಪತ್ರದ ಜೊತೆಗಿದ್ದ ಪಟ್ಟಿಯಲ್ಲಿ ಒಬ್ಬ ಮೆಸ್ ಗುತ್ತಿಗೆದಾರರ 60,000 ರೂಪಾಯಿ ಎಂಟು ತಿಂಗಳಿಂದ ನಿಂತಿದೆ. ಆದರೂ ‘ಬಿಟ್ಟರೆ ಹಳೆಯದೂ ಬರುವುದಿಲ್ಲ’ ಎಂಬ ಅಂಜಿಕೆಯಿಂದ ಅವರಿಗೆ ಇನ್ನೂ ರೊಟ್ಟಿ ಕೊಡುತ್ತಿದ್ದೀರಿ. ಹಳೆಯ 60,000 ಹೋದದ್ದು ಹೋಗಿದೆ ಎಂದು ಒಂದು ಕ್ಷಣ ತಿಳಿದುಕೊಂಡು, ನಾಳೆ ಕೊಡುವ ಹೊಸ ರೊಟ್ಟಿಗೆ ಹಣ ಬರುವ ಭರವಸೆ ಇದೆಯೇ ಎಂಬುದಷ್ಟನ್ನೇ ಕೇಳಿಕೊಳ್ಳಿ. ಇಲ್ಲವಾದರೆ ನಾಳೆಯಿಂದಲೇ ಅವರಿಗೆ ನಗದಿ ಮಾತ್ರ. ಹಳೆಯ ಬಾಕಿಗೆ ‘ಇಷ್ಟು ಕೊಡಬೇಕಾದದ್ದು ಹೌದು’ ಎಂದು ತಾರೀಖು ಹಾಕಿದ ಸಹಿಯ ಚೀಟಿ ಪಡೆಯಿರಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಅವಕಾಶ. ಆ ಅವಧಿಯೊಳಗೆ ಸಹಿ ಮಾಡಿದ ಒಪ್ಪಿಗೆ ಸಿಕ್ಕರೆ ಮೂರು ವರ್ಷ ಮತ್ತೆ ಹೊಸದಾಗಿ ಎಣಿಕೆಯಾಗುತ್ತದೆ. ಜಗಳಕ್ಕಿಂತ ಆ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ಬರಬೇಕಾದ ಹಣ ಕಂತಿನಲ್ಲಿ ಬಂದರೂ ತೆಗೆದುಕೊಳ್ಳಿ, ತಿಂಗಳಿಗೆ ಐದು ಸಾವಿರವಾದರೂ ಸರಿ.

ಉಳಿದ 2,55,000 ಒಳ್ಳೆಯ ಗಿರಾಕಿಗಳದ್ದು, ಅವರನ್ನು ಕಳೆದುಕೊಳ್ಳುವಂತಿಲ್ಲ. ಖಾನಾವಳಿಗಳಿಗೆ ಊಟ ಮಾಡಿದವರಿಂದ ಅಂದಂದೇ ಹಣ ಬರುತ್ತದೆ. ಅವರು ನಿಮಗೆ ತಿಂಗಳುಗಟ್ಟಲೆ ತಡಮಾಡುವುದು ಹಣವಿಲ್ಲದೆ ಅಲ್ಲ, ನೀವು ಕೇಳದಿರುವುದರಿಂದ. ವಾರಕ್ಕೊಂದು ನಿಗದಿತ ದಿನ ಲೆಕ್ಕ ಚುಕ್ತಾ ಮಾಡುವ ಪದ್ಧತಿ ಹಾಕಿಕೊಂಡು, ಮೊದಲ ತಿಂಗಳು ನೀವೇ ಹೋಗಿ ಕುಳಿತರೆ ಅದು ರೂಢಿಯಾಗುತ್ತದೆ. ಹಾಸ್ಟೆಲ್‌ಗಳ ಬಿಲ್ಲು ತಿಂಗಳಿಗೊಮ್ಮೆಯೇ ಪಾಸಾಗುವುದು, ಅಲ್ಲಿ ಒತ್ತಾಯ ಮಾಡಿ ಫಲವಿಲ್ಲ. ಕಿರಾಣಿ ಅಂಗಡಿಗಳಿಗೆ ಕೂಡಲೇ ಕೊಟ್ಟರೆ ನೂರಕ್ಕೆ ಎರಡು ರೂಪಾಯಿ ಬಿಡುವುದಾಗಿ ಹೇಳಿ ನೋಡಬಹುದು. 45 ದಿನ ಮುಂಚೆ ಹಣ ಪಡೆಯಲು ಎರಡು ರೂಪಾಯಿ ಬಿಡುವುದೆಂದರೆ ವರ್ಷಕ್ಕೆ 16ರಿಂದ 17 ಪ್ರತಿಶತ ಬಡ್ಡಿ ಕೊಟ್ಟಂತೆ. ಕೈಗಡದ ಅರ್ಧಕ್ಕಿಂತ ಕಡಿಮೆ, ಒಡವೆ ಸಾಲಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಇದನ್ನು ಎಲ್ಲರಿಗೂ ಕೊಡದೆ, ತುಂಬಾ ಎಳೆದಾಡುವ ಅಂಗಡಿಗಳಿಗಷ್ಟೇ ಇಡಿ.

ಜೋಳದ ವಿಷಯದಲ್ಲಿ ನಿಮ್ಮ ತರ್ಕ ನನಗೆ ಅರ್ಥವಾಗುತ್ತದೆ. ಹಿಂಗಾರಿ ಜೋಳ ಸುಗ್ಗಿಯಾಗಿ ಅಮರಗೋಳದ ಎಪಿಎಂಸಿಗೆ ಬರುವ ಕಾಲದಲ್ಲಿ ಬೆಲೆ ಇಳಿದಿರುತ್ತದೆ, ಒಳ್ಳೆಯ ಮಾಲದಂಡಿ ತಳಿಯ ಜೋಳವನ್ನು ಆರಿಸಿಕೊಳ್ಳಲು ಸಿಗುತ್ತದೆ, ರೊಟ್ಟಿಗೆ ಜಿಗಿ ಬರುವ ಕಾಳು ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಇದೆಲ್ಲ ಸರಿ. ಆದರೆ ಮಾರ್ಚ್‌ನಲ್ಲಿ 4,000ಕ್ಕೆ ಕೊಂಡು ಸೆಪ್ಟೆಂಬರ್ ಕೊನೆಗೆ ಬಿಚ್ಚುವ ಕ್ವಿಂಟಲನ್ನು ಪರೀಕ್ಷೆ ಮಾಡಿ. ತಿಂಗಳಿಗೆ 40 ರೂಪಾಯಿಯಂತೆ ಆರು ತಿಂಗಳ ಬಡ್ಡಿ 240. ಮಳೆಗಾಲದಲ್ಲಿ ನುಸಿ ಹಿಡಿದು, ಹಸನು ಮಾಡುವಾಗ ಹೊಟ್ಟಾಗಿ ಎರಡು ಕಿಲೋ ಹೋದರೂ 80 ರೂಪಾಯಿ. ಆ ಕ್ವಿಂಟಲ್ ನಿಮಗೆ ಬಿದ್ದ ನಿಜವಾದ ಬೆಲೆ 4,320. ಸೆಪ್ಟೆಂಬರ್‌ನಲ್ಲಿ ಪೇಟೆಯ ಧಾರಣೆ ಅದಕ್ಕಿಂತ ಮೇಲಿದ್ದರೆ ಮಾತ್ರ ನಿಮಗೆ ಉಳಿತಾಯ, ಕೆಳಗಿದ್ದರೆ ನಷ್ಟ. ಧಾರಣೆ ಏರಬಹುದು, ಏರದೆಯೂ ಇರಬಹುದು. ಒಡವೆ ಇಟ್ಟ ಹಣದಲ್ಲಿ ಆ ಪಂದ್ಯ ಕಟ್ಟುವುದು ರೊಟ್ಟಿ ಮಾಡುವವರ ಕೆಲಸವಲ್ಲ, ಅದು ಧಾನ್ಯ ವ್ಯಾಪಾರಿಯ ಕೆಲಸ. ಸ್ವಂತ ಉಳಿತಾಯ ಬೆಳೆದ ಮೇಲೆ ಎರಡು ಮೂರು ತಿಂಗಳ ಜೋಳ ಹಿಡಿದಿಟ್ಟುಕೊಳ್ಳಿ; ಅಲ್ಲಿಯವರೆಗೆ ತಿಂಗಳಿಗೆ 20 ಕ್ವಿಂಟಲ್ ಕೊಂಡರೆ ಸಾಕು. ದಲಾಲಿ ಅಂಗಡಿಯವರು ಹದಿನೈದು ದಿನದ ಮುದ್ದತ್ತು ಕೊಡಲು ಒಪ್ಪಿದರೆ ಧಾರಣೆಯಲ್ಲಿ ಎಷ್ಟು ಹೆಚ್ಚಿಸುತ್ತಾರೆ ಎಂದು ಕೇಳಿ: ಕ್ವಿಂಟಲಿಗೆ 20 ರೂಪಾಯಿಯೊಳಗಿದ್ದರೆ ಅದು ನಿಮ್ಮ ಒಡವೆ ಸಾಲಕ್ಕಿಂತ ಅಗ್ಗ.

ಈಗ ಇವೆರಡನ್ನೂ ಕೂಡಿಸಿ. 60 ಕ್ವಿಂಟಲ್ ದಾಸ್ತಾನು 20ಕ್ಕೆ ಇಳಿದರೆ 1,60,000 ರೂಪಾಯಿ ಬಿಡುಗಡೆಯಾಗುತ್ತದೆ. ಒಳ್ಳೆಯ ಗಿರಾಕಿಗಳ ಉದ್ರಿ 2,55,000ದಿಂದ, 20 ದಿನದ ವ್ಯಾಪಾರವಾದ 1,40,000ಕ್ಕೆ ಇಳಿದರೆ ಇನ್ನೂ 1,15,000. ಒಟ್ಟು 2,75,000. ನಿಮ್ಮ ಒಡವೆ ಸಾಲ 3,00,000. ಅಂದರೆ ಒಂದು ರೊಟ್ಟಿಯನ್ನೂ ಹೆಚ್ಚು ಮಾರದೆ, ಯಾರಲ್ಲಿಯೂ ಕೈಯೊಡ್ಡದೆ, ಬರುವ ಮಾರ್ಚ್‌ನೊಳಗೆ ಒಡವೆಯನ್ನು ಬಿಡಿಸಿಕೊಳ್ಳುವಷ್ಟು ಹಣ ಹತ್ತಿರಹತ್ತಿರ ನಿಮ್ಮ ವ್ಯಾಪಾರದೊಳಗೇ ಇದೆ; ಮನೆ ಖರ್ಚು ಮತ್ತು ಬಡ್ಡಿ ಕಳೆದು ತಿಂಗಳಿಗೆ ಉಳಿಯುವ ಹತ್ತು ಸಾವಿರ ಮಿಕ್ಕದ್ದನ್ನು ತುಂಬುತ್ತದೆ. ಇದು ಒಂದೇ ತಿಂಗಳಲ್ಲಿ ಆಗುವುದಿಲ್ಲ. ಜೋಳ ಕರಗಲು ಎರಡು ತಿಂಗಳು, ಉದ್ರಿ ಹದಕ್ಕೆ ಬರಲು ನಾಲ್ಕೈದು ತಿಂಗಳು ಹಿಡಿಯುತ್ತದೆ. ಶ್ರಾವಣ ಬರುತ್ತಿದೆ; ಪಂಚಮಿಯ ರೊಟ್ಟಿ ಹಬ್ಬಕ್ಕೆ ಮನೆಮನೆಯವರು ಖಡಕ್ ರೊಟ್ಟಿಯನ್ನು ನಗದಿಗೆ ಒಯ್ಯುವ ಕಾಲವದು. ಆ ಹದಿನೈದು ದಿನ ಉದ್ರಿ ಗಿರಾಕಿಗಳಿಗೆ ಮೊದಲು ಕೊಟ್ಟು ನಗದಿಯವರನ್ನು ಹಿಂದೆ ಕಳಿಸಬೇಡಿ.

ಬ್ಯಾಂಕಿನ ದಾರಿಯೂ ಇದೆ. 2015ರಿಂದ ಇರುವ ಮುದ್ರಾ ಯೋಜನೆಯಲ್ಲಿ 50,000ದ ಮೇಲೆ 5 ಲಕ್ಷದವರೆಗಿನ ಕಿಶೋರ್ ವರ್ಗದ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ಕಂತಿನ ಸಾಲ ಕೇಳಬೇಡಿ, ಕ್ಯಾಶ್ ಕ್ರೆಡಿಟ್ ಮಿತಿ ಕೇಳಿ. ಬಳಸಿದ ಹಣಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ ಬೀಳುತ್ತದೆ, ಉದ್ರಿ ಬಂದ ದಿನ ತುಂಬಿದರೆ ಬಡ್ಡಿ ನಿಲ್ಲುತ್ತದೆ. ಸಣ್ಣ ಉದ್ದಿಮೆಗಳಿಗೆ ವಾರ್ಷಿಕ ವಹಿವಾಟಿನ 20 ಪ್ರತಿಶತದಷ್ಟು ದುಡಿಯುವ ಬಂಡವಾಳ ಕೊಡಬೇಕೆಂಬ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಶಿಫಾರಸಿನಿಂದ ಬಂದ ಅಳತೆಗೋಲನ್ನು ಬ್ಯಾಂಕುಗಳು ಬಳಸುತ್ತವೆ. ನಿಮ್ಮ 25,20,000ದ ವಹಿವಾಟಿಗೆ ಅದು ಐದು ಲಕ್ಷಕ್ಕೆ ಬರುತ್ತದೆ. ಆದರೆ ಮ್ಯಾನೇಜರು ನೋಡುವುದು ಖಾತೆಯಲ್ಲಿ ಓಡಾಡಿದ ಹಣವನ್ನು, ಬಾಯಿಮಾತಿನ ವಹಿವಾಟನ್ನಲ್ಲ. ಆದ್ದರಿಂದ ಈ ತಿಂಗಳಿನಿಂದಲೇ ಉದ್ರಿ ವಸೂಲಿಯೆಲ್ಲ ವ್ಯಾಪಾರದ ಖಾತೆಗೆ ಬೀಳುವಂತೆ ಮಾಡಿ. 90 ದಿನ ದಾಟಿದ ಉದ್ರಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪಾಯ ಎಲ್ಲಿದೆಯೆಂದರೆ, ಮಿತಿ ಸಿಕ್ಕಿತೆಂದು ಅದನ್ನು ಮನೆಯ ಮೇಲ್ಛಾವಣಿಗೋ ಮಗಳ ಶುಲ್ಕಕ್ಕೋ ಬಳಸಿದರೆ ಅದು ಮತ್ತೆ ತುಂಬುವುದಿಲ್ಲ, ವರ್ಷಕ್ಕೊಮ್ಮೆ ನವೀಕರಣಕ್ಕೆ ಬಂದಾಗ ಸಿಕ್ಕಿಬೀಳುತ್ತೀರಿ. ರೊಟ್ಟಿ ಯಂತ್ರಕ್ಕೆ ಸಹಾಯಧನ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡವೆನ್ನಿ. ನಿಮ್ಮ ಕೊರತೆ ಇರುವುದು ಯಂತ್ರದಲ್ಲಿ ಅಲ್ಲ.

ಇನ್ನು ಆ ವಿತರಕರಿಗೆ ಏನು ಹೇಳಬೇಕು? ಬೆಂಗಳೂರಿನ ಗಿರಾಕಿ ಬೇಡವೆಂದು ನಾನು ಹೇಳುವುದಿಲ್ಲ, ಈ ಷರತ್ತಿಗೆ ಬೇಡ. ಅವರೊಡನೆ ಕೂರುವ ಮುನ್ನ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ದಾಖಲೆ, ಮಾಡಿಸಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಆಗುತ್ತದೆ, ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ. ನೀವು ರೊಟ್ಟಿಯನ್ನು ಕೊಂಡು ಮಾರುವವರಲ್ಲ, ತಯಾರಿಸುವವರು. ಹೀಗಾಗಿ ಸೂಕ್ಷ್ಮ ಉದ್ದಿಮೆಯಾಗಿ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ರಕ್ಷಣೆ ನಿಮಗೆ ಸಿಗುತ್ತದೆ. ಆ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಮಾಲು ಒಪ್ಪಿಕೊಂಡ 45 ದಿನಕ್ಕಿಂತ ಹೆಚ್ಚು ಮುದ್ದತ್ತು ಇರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ ಕೊಳ್ಳುವವರು 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಇದರ ಮೇಲೆ, 2023ರ ಹಣಕಾಸು ಕಾಯ್ದೆಯ ಮೂಲಕ ಬಂದು 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆ ತಿದ್ದುಪಡಿಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಈ ಅವಧಿಯೊಳಗೆ ಕೊಡದ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ತೋರಿಸಲು ಬರುವುದಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ನಿಮ್ಮ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಂಡರೆ ಅವರ ಲೆಕ್ಕಪರಿಶೋಧಕರೇ ಅವರಿಗೆ ನೆನಪಿಸುತ್ತಾರೆ.

ಕಾನೂನು ಇದೆಯೆಂದು ದೂರು ಕೊಡುವ ಆತುರ ಬೇಡ. ಸಣ್ಣ ಉದ್ದಿಮೆಗಳ ಬಾಕಿಯ ತಕರಾರು ಕೇಳುವ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು, ಅದು 90 ದಿನದಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ದೂರು ಕೊಟ್ಟ ದಿನ ಆ ಗಿರಾಕಿ ಕೈಬಿಟ್ಟ ಹಾಗೆಯೇ. ನಾನು ಕಂಡ ಸಣ್ಣ ಉತ್ಪಾದಕರಲ್ಲಿ ಹೆಚ್ಚಿನವರಿಗೆ ಈ ಕಾಯ್ದೆ ಉಪಯೋಗಕ್ಕೆ ಬಂದದ್ದು ಮಾತುಕತೆಯ ಮೇಜಿನ ಮೇಲೆ. ತಿಂಗಳಿಗೆ 5,000 ರೊಟ್ಟಿಯಿಂದ ಶುರು ಮಾಡೋಣ, ಬಿಲ್ಲು ವಾರಕ್ಕೊಂದು, ಹಣ 30 ದಿನಕ್ಕೆ, ಮಾಲು ಇಳಿಸಿದ ದಿನ ಮುರಿದದ್ದನ್ನು ಎಣಿಸಿ ಕಳೆಯಿರಿ, ಆದರೆ ಮಾರಾಟವಾಗದ್ದು ವಾಪಸಿಲ್ಲ, ದರ 6 ರೂಪಾಯಿ 90 ಪೈಸೆ ಎಂದು ನಿಮ್ಮ ಕಡೆಯಿಂದ ಹೇಳಿ. 90 ಪೈಸೆಗೆ ಒಪ್ಪದಿದ್ದರೆ 70ಕ್ಕೆ ಇಳಿಯಬಹುದು. ಮಾರಾಟವಾಗದ್ದನ್ನು ವಾಪಸು ತೆಗೆದುಕೊಳ್ಳುವ ಷರತ್ತಿಗೆ ಮಾತ್ರ ಇಳಿಯಬೇಡಿ, ಅದು ಅವರ ವ್ಯಾಪಾರದ ಅಪಾಯವನ್ನು ನಿಮ್ಮ ತಲೆಗೆ ಕಟ್ಟುತ್ತದೆ. 5,000 ರೊಟ್ಟಿಗೆ 30 ದಿನದ ಮುದ್ದತ್ತೆಂದರೆ, ವಾರದ ಬಿಲ್ಲು ಸೇರಿಸಿ, ಹೊರಗೆ ನಿಲ್ಲುವ ಹಣ ಮೂವತ್ತಾರು ಸಾವಿರ ಆಸುಪಾಸು. ಅಷ್ಟನ್ನು ಜೋಳದ ದಾಸ್ತಾನು ಕರಗುವಾಗ ಬರುವ ಹಣದಿಂದಲೇ ನಿಭಾಯಿಸಬಹುದು.

ಅವರು ಜಿಎಸ್‌ಟಿ ಬಿಲ್ಲು ಕೇಳಿದರೆ ಗಾಬರಿಯಾಗಬೇಡಿ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗಳ ಮೇಲಿನ ತೆರಿಗೆ ಶೂನ್ಯವಾಗಿದೆ, ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಕಡ್ಡಾಯವಿಲ್ಲ. ಆದರೆ ಅದೇ ಕಾರಣಕ್ಕೆ ಪ್ಯಾಕಿಂಗ್ ಕವರಿನ ಮೇಲೆ ನೀವು ಕೊಟ್ಟ ತೆರಿಗೆ ಹಿಂದಕ್ಕೆ ಬರುವುದಿಲ್ಲ. 35 ಪೈಸೆಯ ಲೆಕ್ಕ ಹಾಕುವಾಗ ಅದನ್ನು ಸೇರಿಸಿದ್ದೀರಾ ಎಂದು ನೋಡಿಕೊಳ್ಳಿ.

ಕೊನೆಯದಾಗಿ, ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ನಿಮ್ಮ ಖರ್ಚಿನ ಪಟ್ಟಿಯಲ್ಲಿ ಆರು ಜನರ ಕೂಲಿ ಇದೆ, ನಿಮ್ಮದಿಲ್ಲ. ಬೆಳಗಿನಿಂದ ಹಿಟ್ಟು ಕಲಸಿ, ಹಂಚಿನ ಮುಂದೆ ನಿಂತು, ಸಂಜೆ ಉದ್ರಿ ಬರೆದು ಮಾಡುವ ದುಡಿಮೆಗೆ ಬೇರೆ ಕಡೆ ತಿಂಗಳಿಗೆ 15,000 ಸಿಗುವುದಾದರೆ, 38,000ದಲ್ಲಿ ಅಷ್ಟು ನಿಮ್ಮ ಸಂಬಳ, ಉಳಿದ 23,000 ಮಾತ್ರ ವ್ಯಾಪಾರದ ಲಾಭ. ನಿಮ್ಮ ಯಜಮಾನರೊಂದಿಗೆ ಮಾತನಾಡುವಾಗ ಈ ಅಂಕಿಯನ್ನು ಇಟ್ಟುಕೊಳ್ಳಿ, ಏಕೆಂದರೆ ಸಂಬಳ ಕೊಟ್ಟ ಮೇಲೂ ತಿಂಗಳಿಗೆ 23,000 ಉಳಿಸುವ ಕೆಲಸವನ್ನು ನಿಲ್ಲಿಸುವ ಕಾರಣ ನನಗಂತೂ ಕಾಣುತ್ತಿಲ್ಲ. ಆದರೆ ಮನೆಗೆ ತೆಗೆಯುವ 25,000ವನ್ನು ತಿಂಗಳ ಒಂದನೇ ತಾರೀಖು ಒಮ್ಮೆಲೇ ತೆಗೆದು ಬೇರೆ ಖಾತೆಗೆ ಹಾಕಿ. ಆಮೇಲೆ ತರಕಾರಿಗಾಗಲಿ ಆಟೋ ಬಾಡಿಗೆಗಾಗಲಿ ರೊಟ್ಟಿಯ ಗಲ್ಲೆಯನ್ನು ಯಾರೂ ತೆರೆಯಬಾರದು. ಆರು ತಿಂಗಳ ನಂತರ ಉದ್ರಿ ಪಟ್ಟಿ ಮತ್ತು ಜೋಳದ ದಾಸ್ತಾನಿನ ಅಂಕಿಗಳನ್ನು ಮತ್ತೆ ಬರೆದು ಕಳಿಸಿ, ಆಗ ಬೆಂಗಳೂರಿಗೆ 15,000 ರೊಟ್ಟಿ ಕಳಿಸುವ ಮಾತನ್ನು ಹೊಸದಾಗಿ ಲೆಕ್ಕ ಹಾಕೋಣ.